ಮಿದುಳೊಳಗೆ ಲೈಟ್ ಹಾಕಿ ಕೈ ನಡುಕ ನಿಲ್ಲಿಸ್ತೀವಿ ಅಂತಾವ್ರೆ, ನಿಜಾನಾ?

ಕಬ್ಬಿನಗದ್ದೆ_ಮಂಡ್ಯ
ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ ಪಾರ್ಕಿನ್ಸನ್ ಐತೆ, ಬಲಗೈ ನಡುಕ, ನಡೆಯುವಾಗ ಕಾಲು ನೆಲಕ್ಕೆ ಅಂಟ್ಕೊಂಡಂಗೆ ಆಯ್ತದೆ. ಮಾತ್ರೆ ತಗೊಂಡ್ರೆ ಒಂದಷ್ಟೊತ್ತು ಪರವಾಗಿಲ್ಲ, ಪವರ್ ಇಳೀತಿದ್ದಂಗೆ ಮತ್ತೆ ಶುರು. ಮೈಸೂರಲ್ಲಿರೋ ನಮ್ ಭಾವ ಮೊನ್ನೆ ಒಂದು ವಿಡಿಯೋ ಕಳಿಸವ್ರೆ, ಇಲಿ ತಲೆಗೆ ವೈರ್ ಸಿಗಿಸಿ ನೀಲಿ ಲೈಟ್ ಬುಟ್ರೆ ಅದು ಗಿರಗಿರ ಅಂತ ಒಂದೇ ಕಡೆ ಸುತ್ತುತ್ತೆ, ಆಫ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನಂಗೆ ನಿಂತ್ಕೋತದೆ. ಆಮೇಲೆ ಒಂದು ಚಿಪ್ ತೋರಿಸ್ತಾರೆ, ಸೂಜಿ ಕಣ್ಣಲ್ಲಿ ತೂರಿಸವ್ರೆ, ಅಷ್ಟು ಸಣ್ಣದು. ವಿಡಿಯೋ ಕೊನೇಲಿ ಒಂದು ಸೆಂಟರಿನ ಫೋನ್ ನಂಬರ್. ಫೋನ್ ಮಾಡಿದ್ರೆ ಚಿಪ್ ಇಲ್ವಂತೆ, ತಲೆಗೆ ಹಾಕೋ ಟೋಪಿ ಅಂತೆ, ಒಳಗಡೆಯಿಂದ ಕೆಂಪು ಲೈಟ್ ಬರ್ತದಂತೆ, 45 ಸಾವಿರ. "ಅದೇ ಟೆಕ್ನಾಲಜಿ ಸಾರ್, ಆಪರೇಷನ್ ಇಲ್ದೆ" ಅಂತಾರೆ. ಅಪ್ಪ ಆಸೆ ಇಟ್ಕೊಂಡು ಕುಂತವ್ರೆ, ಕಬ್ಬಿನ ದುಡ್ಡೂ ಇನ್ನೇನ್ ಬರೋ ಟೈಮು. ಗೊತ್ತಿರೋರು ಹೇಳಿ, ಇಲಿ ವಿಡಿಯೋ ನಿಜಾನಾ, ಟೋಪಿ ನಿಜಾನಾ?

ಮದ್ದೂರ್‌ವಡೆ
45 ಸಾವಿರ ಇಸ್ಕೊಂಡು ಟೋಪಿ ಹಾಕ್ತೀವಿ ಅಂತ ಅವ್ರೇ ಹೇಳ್ತಾವ್ರಲ್ಲ ಅಣ್ಣ, ಇನ್ನೇನ್ ಪ್ರೂಫ್ ಬೇಕು 😀

ನರಕೋಶ_ನಿತ್ಯ
ಇಲಿ ವಿಡಿಯೋ ನಿಜ. ಟೋಪಿಗೂ ಅದಕ್ಕೂ ಸಂಬಂಧ ಇಲ್ಲ. ನಾನು ಈ ಫೀಲ್ಡಲ್ಲೇ ಪಿಎಚ್‌ಡಿ ಮಾಡ್ತಿರೋದು, ಮನೆ ಕುವೆಂಪುನಗರ. ಸ್ವಲ್ಪ ಉದ್ದ ಬರೀತೀನಿ, ಬೈಕೋಬೇಡಿ.

ಮಿದುಳಿನ ಮಾಮೂಲಿ ನರಕೋಶಕ್ಕೆ ನೀಲಿ ಲೈಟ್ ಹೊಡೆದ್ರೆ ಅದು ಸಿಗ್ನಲ್ ಕೊಡಲ್ಲ. ಬುರುಡೆ ಒಳಗೆ ಕತ್ತಲು, ಅದಕ್ಕೆ ಬೆಳಕು ನೋಡೋ ಕೆಲಸ ಯಾವತ್ತೂ ಬಿದ್ದಿಲ್ಲ. ಆ ಇಲಿಗೆ ಮೊದಲೇ ಒಂದು ಜೀನ್ ಹಾಕಿರ್ತಾರೆ, ಅದನ್ನ ವಿಡಿಯೋದಲ್ಲಿ ಹೇಳಲ್ಲ, ಹೇಳಿದ್ರೆ ಯಾರೂ ಫಾರ್ವರ್ಡ್ ಮಾಡಲ್ಲ. ಜೀನ್ ಬಂದಿದ್ದು ಕ್ಲಾಮಿಡೊಮೊನಾಸ್ ಅನ್ನೋ ಹಸಿರು ಪಾಚಿಯಿಂದ. ಒಂದೇ ಕೋಶದ ಜೀವಿ, ಬೆಳಕು ಯಾವ ಕಡೆ ಇದೆ ಅಂತ ತಿಳ್ಕೊಂಡು ಈಜೋಕೆ ಅದರ ಹತ್ರ ಚಾನೆಲ್‌ರೊಡಾಪ್ಸಿನ್ ಅಂತ ಒಂದು ಪ್ರೋಟೀನ್ ಇದೆ. ನಿಮ್ಮ ವಿ.ಸಿ. ನಾಲೆ ತೂಬು ಇದೆಯಲ್ಲ, ಹಂಗೇ. 470 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕು ಬಿದ್ರೆ ತೂಬು ತೆಗೆಯುತ್ತೆ, ಸೋಡಿಯಂ ತರದ ಪಾಸಿಟಿವ್ ಅಯಾನುಗಳು ಕೋಶದೊಳಗೆ ನುಗ್ಗುತ್ವೆ, ನರಕೋಶ ಸಿಗ್ನಲ್ ಹೊಡೆಯುತ್ತೆ. ಬೆಳಕು ನಿಂತ್ರೆ ಮಿಲಿಸೆಕೆಂಡುಗಳಲ್ಲಿ ಮುಚ್ಕೊಳುತ್ತೆ.

ಈ ಜೀನನ್ನ ಕಾಯಿಲೆ ಬರಿಸದ ಒಂದು ವೈರಸ್ಸಿನಲ್ಲಿ (ಎಎವಿ ಅಂತಾರೆ) ತುಂಬಿ ಮಿದುಳಿನ ಬೇಕಾದ ಜಾಗಕ್ಕೆ ಇಂಜೆಕ್ಟ್ ಮಾಡ್ತಾರೆ, ಜೊತೆಗೆ ಇಂಥಾ ಜಾತಿ ಕೋಶದಲ್ಲಿ ಮಾತ್ರ ಈ ಜೀನ್ ಕೆಲಸ ಮಾಡ್ಬೇಕು ಅಂತ ಒಂದು ಸ್ವಿಚ್ಚನ್ನೂ ಸೇರಿಸಿರ್ತಾರೆ. ಅಲ್ಲೇ ಇರೋದು ಇದರ ತಾಕತ್ತು. ಕರೆಂಟ್ ಕೊಟ್ರೆ ಆ ಜಾಗದಲ್ಲಿರೋ ಎಲ್ಲಾ ಜಾತಿ ಕೋಶಕ್ಕೂ ತಗಲುತ್ತೆ, ಇಲ್ಲಿ ಆರಿಸಿದ ಕೋಶಕ್ಕೆ ಮಾತ್ರ. ಆಪ್ಟೊಜೆನೆಟಿಕ್ಸ್ ಅಂತ ಹೆಸರು. ಜರ್ಮನಿಯ ಪೀಟರ್ ಹೆಗೆಮನ್, ನಾಗೆಲ್, ಬ್ಯಾಂಬರ್ಗ್ ಅವರು 2002-03ರಲ್ಲಿ ಪ್ರೋಟೀನ್ ಹಿಡಿದ್ರು, 2005ರಲ್ಲಿ ಸ್ಟ್ಯಾನ್‌ಫರ್ಡ್‌ನ ಕಾರ್ಲ್ ಡೈಸರಾತ್, ಎಡ್ ಬಾಯ್ಡನ್ ಅವರ ತಂಡ ಅದನ್ನ ನರಕೋಶದಲ್ಲಿ ಹಾಕಿ ತೋರಿಸ್ತು. ಅಲ್ಲಿಂದ ಈ ಸಬ್ಜೆಕ್ಟ್ ಓಡ್ತಿದೆ.

ಜೀನ್ ಇಲ್ದೆ ಟೋಪಿ ಲೈಟ್ ಹಾಕಿದ್ರೆ ಯಾವ ತೂಬೂ ತೆಗೆಯಲ್ಲ, ಅಲ್ಲಿ ತೂಬೇ ಇಲ್ಲ.

ರಿಟೈರ್ಡ್_ಮೇಷ್ಟ್ರು
ನಿತ್ಯಾ ಮೇಡಂ ಚೆನ್ನಾಗಿ ಬರೆದಿದ್ದೀರಿ. ಆದರೆ ಎಲ್ಲಾ ಕೀರ್ತಿಯನ್ನೂ ಸ್ಟ್ಯಾನ್‌ಫರ್ಡಿಗೆ ಕೊಟ್ಟುಬಿಡೋದು ನ್ಯಾಯ ಅಲ್ಲ. ಗೆರೊ ಮೀಸೆನ್‌ಬಾಕ್ 2002ರಲ್ಲೇ ಹಣ್ಣು ನೊಣದ ಕಣ್ಣಿನ ಪ್ರೋಟೀನ್ ಬಳಸಿ ನರಕೋಶಗಳನ್ನ ಬೆಳಕಿಂದ ಎಬ್ಬಿಸಿದ್ದ. ಅದಕ್ಕೂ ಮೊದಲು, 1979ರಲ್ಲಿ, ಡಿಎನ್‌ಎ ಖ್ಯಾತಿಯ ಫ್ರಾನ್ಸಿಸ್ ಕ್ರಿಕ್ಕೇ ಬರೆದಿದ್ದರು, ಮಿಕ್ಕ ಕೋಶಗಳನ್ನ ಮುಟ್ಟದೆ ಒಂದು ಜಾತಿಯ ನರಕೋಶವನ್ನ ಮಾತ್ರ ಹತೋಟಿಗೆ ತಗೊಳೋ ವಿಧಾನ ಬೇಕು ಅಂತ.

ನರಕೋಶ_ನಿತ್ಯ
ಮೇಷ್ಟ್ರೇ, ಮೀಸೆನ್‌ಬಾಕ್ ವಿಧಾನಕ್ಕೆ ಒಂದಲ್ಲ ಹಲವಾರು ಪ್ರೋಟೀನ್ ಒಟ್ಟಿಗೆ ಬೇಕಿತ್ತು, ನಿಧಾನವೂ ಇತ್ತು, ಪಾಚಿದು ಒಂದೇ ಸಾಕು, ಹಂಗಾಗಿ ಲ್ಯಾಬುಗಳು ಅದನ್ನೇ ಹಿಡ್ಕೊಂಡ್ವು. ಕೀರ್ತಿ ವಿಷಯಕ್ಕೆ ಬಂದ್ರೆ ಡೆಟ್ರಾಯ್ಟಿನ ಝುವೊ-ಹುವಾ ಪಾನ್ ಹೆಸರನ್ನೂ ಹೇಳ್ಬೇಕು, ಕುರುಡು ಇಲಿ ಕಣ್ಣಿಗೆ ಇದೇ ಜೀನ್ ಹಾಕಿದ ಅವರ ಪೇಪರ್ 2006ರಲ್ಲಿ ಬಂತು. 2021ರ ಲಾಸ್ಕರ್ ಪ್ರಶಸ್ತಿ (ಅಮೆರಿಕದ ದೊಡ್ಡ ವೈದ್ಯಕೀಯ ಪ್ರಶಸ್ತಿ) ಹೆಗೆಮನ್, ಡೈಸರಾತ್, ಓಸ್ಟರ್‌ಹೆಲ್ಟ್ ಮೂವರಿಗೆ ಹೋಯ್ತು, ಪಾನ್ ಅದರಲ್ಲಿ ಇಲ್ಲ.

ಮದ್ದೂರ್‌ವಡೆ
ಅಲ್ಲೂ ಟಿಕೆಟ್ ಹಂಚಿಕೆ ಜಗಳ ಐತೆ ಅನ್ನಿ.

ರೇಷ್ಮೆಗೂಡು_ಪಾಂಡವಪುರ
ಆ ಸೂಜಿ ಕಣ್ಣಲ್ಲಿ ತೂರೋ ಚಿಪ್ ಬಗ್ಗೆ ಯಾರೂ ಹೇಳ್ಲಿಲ್ಲ. ಮಿದುಳು ಮೆತ್ತಗಿರ್ತದೆ, ಅದ್ರೊಳಕ್ಕೆ ಬಲ್ಬ್ ಹೆಂಗ್ ಇಕ್ತಾರೆ? ಕರೆಂಟು ಎಲ್ಲಿಂದ?

ಹೆಬ್ಬಾಳ_ಇಂಜಿನಿಯರ್
ನಾನು ಎಲೆಕ್ಟ್ರಾನಿಕ್ಸ್ ಕಡೆಯವ್ನು, ಬಯಾಲಜಿ ಕೇಳ್ಬೇಡಿ, ಈ ಭಾಗ ಹೇಳ್ತೀನಿ.

ಮೊದಲು ಇಲಿ ತಲೆಗೆ ಆಪ್ಟಿಕಲ್ ಫೈಬರ್ ಸಿಗಿಸೋರು, ನಮ್ಮನೆಗೆ ಇಂಟರ್ನೆಟ್ ಬರುತ್ತಲ್ಲ ಅದೇ ಜಾತಿ ಎಳೆ, ಇನ್ನೊಂದು ತುದೀಲಿ ಲೇಸರ್. ಇಲಿ ಆ ಕಡೆ ಈ ಕಡೆ ಓಡಾಡಿದ್ರೆ ವೈರ್ ಸುತ್ಕೊಳುತ್ತೆ, ಎರಡು ಇಲಿ ಒಟ್ಟಿಗೆ ಬಿಟ್ರೆ ಕಥೆ ಮುಗೀತು. 2013ರಲ್ಲಿ ಅಮೆರಿಕದ ಜಾನ್ ರಾಜರ್ಸ್, ಮೈಕೆಲ್ ಬ್ರೂಕಸ್ ತಂಡದವರು ಎಲ್‌ಇಡಿಯನ್ನೇ ಮಿದುಳೊಳಗೆ ಇಳಿಸಿದ್ರು. ಒಂದೊಂದು ಎಲ್‌ಇಡಿ 50 ಮೈಕ್ರೊಮೀಟರ್ ಅಗಲ, 50 ಉದ್ದ, ದಪ್ಪ 6.45 ಮೈಕ್ರೊಮೀಟರ್. ಅಂದ್ರೆ ಹೆಚ್ಚೂ ಕಮ್ಮಿ ಒಂದು ಕೋಶದ ಅಳತೆಗೆ ಬಂತು. ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಮೇಲೆ ಕೂರಿಸಿರ್ತಾರೆ, ಮಿದುಳು ಅಲುಗಾಡಿದ್ರೆ ಅದೂ ಬಾಗುತ್ತೆ.

ಈಗ ನಿಮಗೆ ಖುಷಿ ಆಗೋ ವಿಷಯ. ಅಷ್ಟು ತೆಳ್ಳಗಿನ ಹಾಳೆ ತಾನಾಗೇ ಒಳಗೆ ಇಳಿಯಲ್ಲ, ಮಡಚ್ಕೊಳುತ್ತೆ. ಅದಕ್ಕೆ ಒಂದು ಗಟ್ಟಿ ಸೂಜಿಗೆ ಅಂಟಿಸಿ ಇಳಿಸ್ತಾರೆ, ಅಂಟು ಯಾವುದು ಗೊತ್ತಾ, ರೇಷ್ಮೆ! ರೇಷ್ಮೆಯ ಫೈಬ್ರೊಯಿನ್ ಪ್ರೋಟೀನಿಂದ ಮಾಡಿದ ಅಂಟು. ಒಳಗೆ ಹೋದ್ಮೇಲೆ ಮಿದುಳಿನ ದ್ರವ ತಾಗಿ ರೇಷ್ಮೆ ಕರಗುತ್ತೆ, ಸೂಜಿ ಎಳ್ಕೊಂಡ್ರೆ ಎಲ್‌ಇಡಿ ಹಾಳೆ ಅಲ್ಲೇ ಉಳಿಯುತ್ತೆ. ಪವರ್ ರೇಡಿಯೋ ತರಂಗದಿಂದ. 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಅಡಾ ಪೂನ್ ತಂಡ ಇನ್ನೂ ಮುಂದೆ ಹೋಗಿ 20ರಿಂದ 50 ಮಿಲಿಗ್ರಾಮ್ ತೂಕದ, ಬ್ಯಾಟರಿ ಇಲ್ಲದ, ಪೂರ್ತಿ ಚರ್ಮದ ಒಳಗೇ ಇರೋ ಸಾಧನ ಮಾಡ್ತು. ಇಲಿ ಪಂಜರದ ನೆಲದ ಕೆಳಗಿಂದ ಪವರ್ ಬರುತ್ತೆ, ಇಲಿ ಮೈಯೇ ಅದನ್ನ ಹಿಡಿದು ಸಾಧನಕ್ಕೆ ಕೊಡುತ್ತೆ.

ರೇಷ್ಮೆಗೂಡು_ಪಾಂಡವಪುರ
ಮಿದುಳೊಳಕ್ಕೂ ರೇಷ್ಮೆ ಹೋಯ್ತದೆ, ಗೂಡಿನ ರೇಟ್ ಮಾತ್ರ ಮ್ಯಾಕ್ಕೆ ಹೋಗಾಕಿಲ್ಲ. ಮಾನಂದವಾಡಿ ರಸ್ತೆ ರೇಷ್ಮೆ ಸಂಶೋಧನಾ ಸಂಸ್ಥೆಗೆ ಟ್ರೈನಿಂಗ್‌ಗೆ ಹೋದಾಗ ಸೀರೆ ಬಿಟ್ಟು ಬೇರೆ ಉಪಯೋಗ ಏನು ಅಂತ ಕೇಳಿದ್ದೆ, ಹೊಲಿಗೆ ದಾರ, ಗಾಯಕ್ಕೆ ಹಾಕೋ ಪಟ್ಟಿ ಅಂತೆಲ್ಲ ಅಂದ್ರು. ಇದು ಹೊಸದು.

ಚಾಮುಂಡಿಬೆಟ್ಟ_ಸಾವಿರಮೆಟ್ಲು
ಎಲ್ಲಾ ಸರಿ, ಇದು ಮುಂದೆ ನಮ್ ತಲೇಗೂ ಬಂದ್ರೆ? ಯಾರೋ ಕೂತು ಮೊಬೈಲಲ್ಲಿ ಒತ್ತಿದ್ರೆ ನಾವು ಆ ಇಲಿ ತರ ಸುತ್ತಬೇಕಾ? ಚುನಾವಣೆ ಟೈಮಲ್ಲಿ ಯೋಚ್ನೆ ಮಾಡಿ.

ನರಕೋಶ_ನಿತ್ಯ
ತಲೆಬುರುಡೆ ಕೊರೆದು, ವೈರಸ್ ಹಾಕಿ, ಕೆಲವು ವಾರ ಕಾದು, ಎಲ್‌ಇಡಿ ಇಟ್ಟು, ಪಕ್ಕದಲ್ಲೇ ಪವರ್ ಇಟ್ರೆ ಮಾತ್ರ. ವೋಟಿಗೆ ಅದಕ್ಕಿಂತ ಅಗ್ಗದ ದಾರಿಗಳಿವೆ.

ಚಾಮುಂಡಿಬೆಟ್ಟ_ಸಾವಿರಮೆಟ್ಲು
ಹೌದು ಬಿಡಿ, ಒಂದು ಕುಕ್ಕರ್ ಸಾಕು.

ಕಬ್ಬಿನಗದ್ದೆ_ಮಂಡ್ಯ
ಎಲ್ರಿಗೂ ಥ್ಯಾಂಕ್ಸ್. ಸೆಂಟರಿಗೆ ಮತ್ತೆ ಫೋನ್ ಮಾಡಿ ನಿತ್ಯ ಮೇಡಂ ಹೇಳಿದ್ದನ್ನೇ ಕೇಳ್ದೆ, ಯಾವ ಜೀನ್ ಹಾಕ್ತೀರಾ ಅಂತ. "ಜೀನು ಗೀನು ಏನಿಲ್ಲ ಸಾರ್, ಬರೀ ಬೆಳಕು, ಸೈಡ್ ಎಫೆಕ್ಟ್ ಇಲ್ಲ" ಅಂದ. ಹಂಗಾದ್ರೆ ಇಲಿ ವಿಡಿಯೋ ಯಾಕ್ ಹಾಕಿದ್ರಿ ಅಂದ್ರೆ ಲೈನ್ ಕಟ್. ಟೋಪಿ ಕಥೆ ಮುಗೀತು. ಆದ್ರೆ ಮೇಡಂ, ಆ ಒರಿಜಿನಲ್ಲು, ಜೀನು ಚಿಪ್ಪು ಎಲ್ಲಾ ಸೇರಿ, ಅದು ಮನುಷ್ಯರಿಗೆ ಯಾವಾಗ ಬರ್ತದೆ? ಅಪ್ಪಂಗೆ 67.

ನರಕೋಶ_ನಿತ್ಯ
ಅಣ್ಣ, ನಿಮ್ಮ ತಂದೆಯವರಿಗೆ ಅಂತ ಅದನ್ನ ಕಾಯ್ಬೇಡಿ. ನೇರವಾಗಿ ಹೇಳ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ.

2010ರಲ್ಲಿ ಪಾರ್ಕಿನ್ಸನ್ ಬರಿಸಿದ ಇಲಿಗಳಲ್ಲಿ ಸ್ಟ್ರೈಯೇಟಮ್ ಅನ್ನೋ ಜಾಗದ ಒಂದು ಜಾತಿ ಕೋಶವನ್ನ ಬೆಳಕಿಂದ ಎಬ್ಬಿಸಿದಾಗ ಅವು ಮತ್ತೆ ಸರಾಗವಾಗಿ ಓಡಾಡಿದ್ವು. ಅದನ್ನ ಓದಿದ್ರೆ ಯಾರಿಗಾದ್ರೂ ಆಸೆ ಹುಟ್ಟುತ್ತೆ, ನಾನು ಈ ಫೀಲ್ಡಿಗೆ ಬಂದಿದ್ದೂ ಅದನ್ನ ಓದೇ. ಆದ್ರೆ ಇಲಿ ಮಿದುಳು ಅರ್ಧ ಗ್ರಾಮೂ ತೂಗಲ್ಲ, ನಮ್ಮದು 1300 ಗ್ರಾಮಿಗೂ ಮೇಲೆ. ನೀಲಿ ಬೆಳಕು ಮಿದುಳಲ್ಲಿ ಒಂದು ಮಿಲಿಮೀಟರ್ ಹೋಗೋದ್ರೊಳಗೆ ಬಹುಪಾಲು ಚದುರಿ ಹೋಗಿರುತ್ತೆ. ಬೆಳಕು ಜಾಸ್ತಿ ಮಾಡೋಣ ಅಂದ್ರೆ ಬಿಸಿ ಏರುತ್ತೆ, ಒಂದೆರಡು ಡಿಗ್ರಿ ಏರಿದ್ರೂ ನರಕೋಶದ ವರ್ತನೆ ಬದಲಾಗುತ್ತೆ. ಕೆಂಪು ಬೆಳಕು ಇನ್ನೂ ಆಳಕ್ಕೆ ಹೋಗುತ್ತೆ, ಅದಕ್ಕೆ ಕ್ರಿಮ್ಸನ್ ತರದ, ಕೆಂಪಿಗೆ ಸ್ಪಂದಿಸೋ ಪ್ರೋಟೀನ್‌ಗಳು ಬಂದ್ವು. ಇನ್ನು ವೈರಸ್ ಮೂಲಕ ಹಾಕಿದ ಜೀನನ್ನ ಬೇಡ ಅಂದಾಗ ವಾಪಸ್ ತೆಗೆಯೋಕಾಗಲ್ಲ, ಜೀವನಪೂರ್ತಿ ಪಾಚಿ ಪ್ರೋಟೀನ್ ಮಿದುಳಲ್ಲಿ ಕೂತಿರುತ್ತೆ, ನಮ್ಮ ದೇಹ ಅದನ್ನ ಸುಮ್ನೆ ಬಿಡುತ್ತಾ ಅನ್ನೋ ಪ್ರಶ್ನೆ ಇದೆ. ಜೊತೆಗೆ ಪಾರ್ಕಿನ್ಸನ್ನಲ್ಲಿ, ಕೈಕಾಲು ಆಡೋಕೆ ಬೇಕಾದ ಡೋಪಮಿನ್ ಅನ್ನೋ ರಾಸಾಯನಿಕ ತಯಾರಿಸೋ ಕೋಶಗಳು ಸಾಯ್ತಿರ್ತವೆ, ಸತ್ತ ಕೋಶಕ್ಕೆ ಯಾವ ಲೈಟ್ ಹಾಕಿದ್ರೂ ಎದ್ದು ಬರಲ್ಲ, ಉಳಿದ ಸರ್ಕ್ಯೂಟನ್ನ ಸರಿದೂಗಿಸಬಹುದು ಅಷ್ಟೆ.

ಮನುಷ್ಯರಲ್ಲಿ ಇದು ಮೊದಲು ಫಲ ಕೊಟ್ಟಿದ್ದು ಕಣ್ಣಲ್ಲಿ. 2021ರಲ್ಲಿ ವರದಿ ಆಯ್ತು, ರೆಟಿನೈಟಿಸ್ ಪಿಗ್ಮೆಂಟೋಸಾ ಇಂದ ದೃಷ್ಟಿ ಹೋಗಿದ್ದ 58 ವರ್ಷದವರೊಬ್ಬರ ಒಂದು ಕಣ್ಣಿಗೆ ಈ ಜೀನ್ ಹಾಕಿ, ಎದುರಿನ ದೃಶ್ಯವನ್ನ ಕಿತ್ತಳೆ ಬಣ್ಣದ ಬೆಳಕಾಗಿ ಮಾಡಿ ಕಣ್ಣಿಗೆ ಬಿಡೋ ಕನ್ನಡಕ ಕೊಟ್ರು. ತಿಂಗಳುಗಟ್ಟಲೆ ಅಭ್ಯಾಸ ಆದ್ಮೇಲೆ ಮೇಜಿನ ಮೇಲಿನ ನೋಟ್‌ಬುಕ್ಕು ಲೋಟ ಎಲ್ಲಿದೆ ಅಂತ ಗುರುತಿಸಿದ್ರು, ರಸ್ತೆ ದಾಟೋ ಬಿಳಿ ಪಟ್ಟೆ ಕಾಣ್ತು. ಮುಖ ಗುರುತಿಸೋದು, ಓದೋದು ಅಲ್ಲ. ಕಣ್ಣು ಸಣ್ಣದು, ಬೆಳಕು ಹೊರಗಿಂದಲೇ ಹೋಗುತ್ತೆ, ಬುರುಡೆ ಕೊರೆಯೋ ಅಗತ್ಯ ಇಲ್ಲ, ಅದಕ್ಕೇ ಅಲ್ಲಿಂದ ಶುರು ಮಾಡಿದ್ದು.

ಸರಸ್ವತಿಪುರಂ_ಮೆಡಿಕಲ್ಸ್
ಕೆಂಪು ಲೈಟ್ ಟೋಪಿ ಬಗ್ಗೆ ಒಂದು ಮಾತು. ಜೀನ್ ಇಲ್ಲದೆ ಬರೀ ಕೆಂಪು, ಇನ್‌ಫ್ರಾರೆಡ್ ಬೆಳಕಿಂದ ಕೋಶಕ್ಕೆ ಉಪಯೋಗ ಆಗುತ್ತಾ ಅಂತ ಬೇರೆ ಸಂಶೋಧನೆ ನಡೀತಿದೆ, ಅದು ಪೂರ್ತಿ ಬೊಗಳೆ ಅಲ್ಲ. ಆದ್ರೆ ಅದು ಇಲಿ ವಿಡಿಯೋದ ವಿಷಯ ಅಲ್ಲ, ಪಾರ್ಕಿನ್ಸನ್ನಿಗೆ ಮಾನ್ಯ ಚಿಕಿತ್ಸೆಯೂ ಅಲ್ಲ. ಒಂದರ ವಿಡಿಯೋ ತೋರಿಸಿ ಇನ್ನೊಂದನ್ನ ಮಾರೋದು ಮೋಸಾನೇ.

ಹಳೇಮನೆ_ಮದ್ದು
ಇಷ್ಟೆಲ್ಲಾ ಯಾಕೆ ಸ್ವಾಮಿ. ನಸುಗುನ್ನಿ ಬೀಜದ ಪುಡಿ ಹಾಲಲ್ಲಿ ಕೊಡಿ. ನಮ್ಮ ಆಯುರ್ವೇದದಲ್ಲಿ ಕಂಪವಾತಕ್ಕೆ ಎಂದೋ ಹೇಳಿಬಿಟ್ಟವ್ರೆ.

ಸರಸ್ವತಿಪುರಂ_ಮೆಡಿಕಲ್ಸ್
ನಸುಗುನ್ನಿಯಲ್ಲಿ ಲೆವೊಡೋಪಾ (ಮಿದುಳಲ್ಲಿ ಡೋಪಮಿನ್ ಆಗೋ ಮದ್ದು) ಇರೋದು ನಿಜ, ಪಾರ್ಕಿನ್ಸನ್ನಿಗೆ ಕೊಡೋ ಸಿಂಡೋಪಾ ಮಾತ್ರೆಯಲ್ಲಿ ಇರೋದೂ ಅದೇ. ಅದಕ್ಕೇ ಅಪಾಯ. ಮಾತ್ರೆ ಮೇಲೆ ಇದನ್ನೂ ಕೊಟ್ರೆ ಡೋಸ್ ಎಷ್ಟಾಯ್ತು ಅಂತ ಲೆಕ್ಕ ಸಿಗಲ್ಲ, ಮೈ ತಾನಾಗೇ ತಿರುಚ್ಕೊಳೋದು, ತಲೆಸುತ್ತು, ವಾಂತಿ ಶುರುವಾಗುತ್ತೆ. ಡಾಕ್ಟರ್ ಕೇಳದೆ ಮುಟ್ಬೇಡಿ.

ಕಬ್ಬಿನಗದ್ದೆ ಅಣ್ಣ, ತಂದೆಯವರು ಮಾತ್ರೆ ಯಾವಾಗ ತಗೋತಾರೆ? ಊಟದ ಜೊತೆಗಾ?

ಕಬ್ಬಿನಗದ್ದೆ_ಮಂಡ್ಯ
ಮುದ್ದೆ ಉಂಡ ಮ್ಯಾಲೆ. ಹೊಟ್ಟೆ ತುಂಬಿರ್ಲಿ ಅಂತ. ಭಾನುವಾರ ಬಾಡೂಟ ಆದ್ಮೇಲೆ ಮಾತ್ರೆ ಕೆಲಸಾನೇ ಮಾಡಾಕಿಲ್ಲ ಅಂತ ಬಯ್ಕೋತಾ ಇರ್ತಾರೆ.

ಸರಸ್ವತಿಪುರಂ_ಮೆಡಿಕಲ್ಸ್
ಅಲ್ಲೇ ಇದೆ ನೋಡಿ. ಲೆವೊಡೋಪಾ ಕರುಳಿಂದ ಒಳಗೆ ಹೋಗೋದೂ ಮಿದುಳಿಗೆ ಹೋಗೋದೂ ಪ್ರೋಟೀನಿನ ಅಮೈನೊ ಆಮ್ಲ ಹೋಗೋ ದಾರೀಲೇ. ಕೋಳಿ, ಮೊಟ್ಟೆ, ಬೇಳೆ ಜಾಸ್ತಿ ತಿಂದಾಗ ಮಾತ್ರೆಗೆ ದಾರಿ ಸಿಗಲ್ಲ. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಒಂದು ಗಂಟೆ ಆದ್ಮೇಲೆ ಅಂತ ಹೇಳ್ತಾರೆ. ನಿಮ್ಮ ನ್ಯೂರಾಲಜಿಸ್ಟ್ ಹತ್ರ ಇದನ್ನೇ ಕೇಳಿ, ಟೈಮಿಂಗ್ ಬರೆಸ್ಕೊಂಡು ಬನ್ನಿ. 45 ಸಾವಿರ ಬೇಡ ಇದಕ್ಕೆ.

ಮದ್ದೂರ್‌ವಡೆ
ಬಾಡೂಟಕ್ಕೆ ಅಡ್ಡ ಬರೋ ಕಾಯಿಲೆ ಮಂಡ್ಯದೋರಿಗೆ ಯಾಕಪ್ಪಾ ಕೊಟ್ಟೆ ಸಿವನೇ.

ಹೆಬ್ಬಾಳ_ಇಂಜಿನಿಯರ್
ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಷನ್) ಬಗ್ಗೆ ಯಾರೂ ಹೇಳ್ತಿಲ್ವಲ್ಲ. ಮಿದುಳೊಳಗೆ ಎಲೆಕ್ಟ್ರೋಡ್ ಇಟ್ಟು, ಕುತ್ತಿಗೆ ಕೆಳಗೆ ಎದೆ ಚರ್ಮದೊಳಗೆ ಬ್ಯಾಟರಿ ಪೆಟ್ಟಿಗೆ ಇಟ್ಟು, ಸೆಕೆಂಡಿಗೆ 130 ಸಲದ ಆಸುಪಾಸು ಕರೆಂಟ್ ಪಲ್ಸ್ ಕೊಡೋದು. ಫ್ರಾನ್ಸಿನ ಬೆನಾಬಿದ್ 1987ರಲ್ಲೇ ಶುರು ಮಾಡಿದ್ದು, ನಮ್ಮ ನಿಮ್ಹಾನ್ಸಲ್ಲೂ ಮಾಡ್ತಾರೆ. ಬೆಳಕಲ್ಲ, ಕರೆಂಟು, ಅಕ್ಕಪಕ್ಕದ ಕೋಶಕ್ಕೂ ತಗಲುತ್ತೆ ನಿಜ, ಆದ್ರೆ ಇವತ್ತು ಮನುಷ್ಯರಿಗೆ ಸಿಗೋ ಇಂಪ್ಲಾಂಟ್ ಅಂದ್ರೆ ಇದು. ನಮ್ಮ ದೊಡ್ಡಪ್ಪಂಗೆ ಆಗಿದೆ, ಆಪರೇಷನ್ ಆದ್ಮೇಲೆ ಅಡ್ಜಸ್ಟ್ ಮಾಡ್ಸೋಕೆ ಸುಮಾರು ಓಡಾಡಿದ್ವಿ, ಈಗ ಕಾಫಿ ಲೋಟ ಅವರೇ ಹಿಡ್ಕೋತಾರೆ. ನಡಿಗೆ ಅಷ್ಟೇನೂ ಸುಧಾರಿಸಿಲ್ಲ. ಲಕ್ಷಗಟ್ಟಲೆ ಖರ್ಚು, ಎಲ್ರಿಗೂ ಹೊಂದಲ್ಲ, ಮಾತ್ರೆಗೆ ಚೆನ್ನಾಗಿ ಸ್ಪಂದಿಸೋರಿಗೇ ಇದೂ ಚೆನ್ನಾಗಿ ಆಗೋದು ಅಂತ ಟೆಸ್ಟ್ ಮಾಡಿ ಆಮೇಲೆ ಹೇಳ್ತಾರೆ.

ಕಬ್ಬಿನಗದ್ದೆ_ಮಂಡ್ಯ
ಇದನ್ನ ನಮ್ ಡಾಕ್ಟರೂ ಒಂದ್ಸಲ ಅಂದಿದ್ರು, ತಲೆ ಕೊರೀತಾರೆ ಅಂತ ಅಪ್ಪ ಎದ್ದು ಬಂದ್ಬುಟ್ರು. ಮೊದ್ಲು ಮಾತ್ರೆ ಟೈಮ್ ಸರಿ ಮಾಡ್ಸಿ ನೋಡ್ತೀನಿ.

ಬೋಗಾದಿ_ಅಮ್ಮ
ವಿಷಯ ಸ್ವಲ್ಪ ಬೇರೆ, ಆದ್ರೂ ಕೇಳ್ತೀನಿ. ನನ್ನ ಮಗಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳದೋರಿಗೆ ಕಿವಿಯೊಳಗೆ ಇಡೋ ಸಾಧನ) ಆಗಿದೆ, ಮಾನಸಗಂಗೋತ್ರಿ ಹತ್ರ ಸ್ಪೀಚ್ ಅಂಡ್ ಹಿಯರಿಂಗಿಗೆ ಥೆರಪಿಗೆ ಹೋಗ್ತೀವಿ. ಮಾತು ಚೆನ್ನಾಗಿ ಬಂದಿದೆ, ಆದ್ರೆ ಮದುವೆಮನೆ ಗಲಾಟೇಲಿ ಏನೂ ಗೊತ್ತಾಗಲ್ಲ, ಹಾಡು ಅಂದ್ರೆ ಮುಖ ಸಿಂಡರಿಸ್ತಾಳೆ. ಅಲ್ಲಿ ಕಾಯ್ತಾ ಕೂತಾಗ ಇನ್ನೊಬ್ಬ ಪೇರೆಂಟ್ ಹೇಳಿದ್ರು, ಮುಂದೆ ಲೈಟಿನ ಇಂಪ್ಲಾಂಟ್ ಬರುತ್ತಂತೆ ಅಂತ. ಇದೂ ವಾಟ್ಸಾಪ್ ಕಥೇನಾ?

ನರಕೋಶ_ನಿತ್ಯ
ಅಕ್ಕ, ಇದು ಕಥೆ ಅಲ್ಲ. ಈಗಿನ ಇಂಪ್ಲಾಂಟಲ್ಲಿ 12ರಿಂದ 24 ಎಲೆಕ್ಟ್ರೋಡ್ ಇರುತ್ತೆ, ಸ್ವಾಭಾವಿಕ ಕಿವಿಯಲ್ಲಿ ಆ ಕೆಲಸಕ್ಕೆ ಸುಮಾರು 3500 ಒಳ ರೋಮಕೋಶಗಳಿರ್ತವೆ. ಕಿವಿಯೊಳಗೆ ದ್ರವ ಇರೋದ್ರಿಂದ ಒಂದು ಎಲೆಕ್ಟ್ರೋಡಿನ ಕರೆಂಟು ಪಕ್ಕದ್ದಕ್ಕೂ ಹರಡುತ್ತೆ, ಸ್ವರಗಳು ಕಲಸಿಹೋಗ್ತವೆ. ಅದಕ್ಕೇ ಹಾಡು, ಗಲಾಟೆ ಎರಡೂ ಕಷ್ಟ. ಬೆಳಕನ್ನ ಚಿಕ್ಕ ಜಾಗಕ್ಕೆ ಬಿಡಬಹುದು. ಜರ್ಮನಿಯ ಗಾಟಿಂಗೆನ್‌ನಲ್ಲಿ ಟೋಬಿಯಾಸ್ ಮೋಸರ್ ಅವರ ತಂಡ ಇದರ ಮೇಲೇ ಕೆಲಸ ಮಾಡ್ತಿದೆ, 2018ರಲ್ಲಿ ಕಿವುಡು ಮಾಡಿದ ಜರ್ಬಿಲ್‌ಗಳು, ಅದು ಮರಳುಗಾಡಿನ ಇಲಿ ಜಾತಿ, ಕಿವಿ ನರಕ್ಕೆ ಬಿಟ್ಟ ಬೆಳಕನ್ನ ಶಬ್ದದ ಹಾಗೆ ಗ್ರಹಿಸಿ ವರ್ತಿಸಿದ್ದನ್ನ ತೋರಿಸಿದ್ರು. ಮಕ್ಕಳಿಗೆ ಸದ್ಯಕ್ಕೆ ಎಲೆಕ್ಟ್ರೋಡಿಂದೇ.

ಒಂದೇ ಮಾತು, ಲೈಟಿಂದು ಬರ್ಲಿ ಅಂತ ಯಾರೂ ಮಗುವಿನ ಆಪರೇಷನ್ ಮುಂದೂಡಬಾರದು. ಭಾಷೆ ಕಲಿಯೋ ವಯಸ್ಸು ಕಾಯಲ್ಲ.

ಬೋಗಾದಿ_ಅಮ್ಮ
ಆ ಪೇರೆಂಟ್ ಅದನ್ನೇ ಯೋಚಿಸ್ತಿದ್ರು, ಇನ್ನೆರಡು ವರ್ಷ ನೋಡೋಣ ಅಂತ. ಮಗುಗೆ ಎರಡೂವರೆ. ಇವತ್ತೇ ಫೋನ್ ಮಾಡಿ ಹೇಳ್ತೀನಿ, ಸರ್ಕಾರದ ಸ್ಕೀಮಿಗೂ ವಯಸ್ಸಿನ ಮಿತಿ ಇದೆ.

ರಿಟೈರ್ಡ್_ಮೇಷ್ಟ್ರು
ನಿತ್ಯಾ ಮೇಡಂ, ಒಂದು ಸಂದೇಹ. ರೊಡಾಪ್ಸಿನ್ ಅಂದಮೇಲೆ ಬೆಳಕು ಹಿಡಿಯೋಕೆ ರೆಟಿನಾಲ್ ಅಣು ಬೇಕು, ಎ ವಿಟಮಿನ್ನಿಂದ ಬರುವಂಥದ್ದು. ಮಿದುಳಿಗೆ ಅದನ್ನ ಹೊರಗಿಂದ ಕೊಡ್ತಾರೋ?

ನರಕೋಶ_ನಿತ್ಯ
ಬೇಡ ಮೇಷ್ಟ್ರೇ, ಅದೇ ಅದೃಷ್ಟ. ಸಸ್ತನಿಗಳ ಮಿದುಳಲ್ಲಿ ಸಾಕಾಗುವಷ್ಟು ಮೊದಲೇ ಇರುತ್ತೆ. ಇಲ್ದೇ ಹೋಗಿದ್ರೆ ಇಷ್ಟು ಬೇಗ ಎಲ್ಲಾ ಲ್ಯಾಬಿಗೂ ಹರಡ್ತಿರ್ಲಿಲ್ಲ.

ರಿಟೈರ್ಡ್_ಮೇಷ್ಟ್ರು
ಭೇಷ್. ಮೊಮ್ಮಗಳು ಒಂಬತ್ತನೇ ಕ್ಲಾಸು, ಸೈನ್ಸ್ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಆ ಪಾಚಿ ಬೆಳಕಿನ ಕಡೆ ಈಜೋದನ್ನ ಮನೇಲಿ ತೋರಿಸಬಹುದೋ? ಕುಕ್ಕರಹಳ್ಳಿ ಕೆರೆ ನೀರು ಬೇಕಾದಷ್ಟು ಹಸಿರಾಗಿದೆ.

ನರಕೋಶ_ನಿತ್ಯ
ಕೆರೆ ಹಸಿರಲ್ಲಿ ಹತ್ತಾರು ಜಾತಿ ಇರುತ್ತೆ, ಈಜದೆ ತೇಲೋವೂ ಇರ್ತವೆ, ಕ್ಲಾಮಿಡೊಮೊನಾಸೇ ಸಿಗುತ್ತೆ ಅಂತ ಏನಿಲ್ಲ. ಯೂನಿವರ್ಸಿಟಿ ಬಾಟನಿ ಡಿಪಾರ್ಟ್ಮೆಂಟಲ್ಲೋ ಕಾಲೇಜಲ್ಲೋ ಕಲ್ಚರ್ ಇದ್ರೆ ಒಂದು ಚಿಕ್ಕ ಟ್ಯೂಬ್ ಕೇಳಿ. ಗಾಜಿನ ಬಾಟಲಿಗೆ ಸುತ್ತ ಕಪ್ಪು ಪೇಪರ್ ಸುತ್ತಿ ಒಂದು ಕಡೆ ಮಾತ್ರ ಸಣ್ಣ ಕಿಂಡಿ ಬಿಡಿ, ಕಿಟಕಿ ಪಕ್ಕ ಇಡಿ, ನೇರ ಬಿಸಿಲು ಬೇಡ, ತೀರಾ ಜೋರು ಬೆಳಕಾದ್ರೆ ಅವು ಉಲ್ಟಾ ಓಡ್ತವೆ. ಸ್ವಲ್ಪ ಹೊತ್ತು ಬಿಟ್ಟು ಪೇಪರ್ ತೆಗೆದ್ರೆ ಕಿಂಡಿ ಇದ್ದ ಕಡೆ ಹಸಿರು ಗುಂಪುಗೂಡಿರುತ್ತೆ. ಮೈಕ್ರೋಸ್ಕೋಪಲ್ಲಿ 400 ಪಟ್ಟು ದೊಡ್ಡದು ಮಾಡಿದ್ರೆ ಒಂದೊಂದರಲ್ಲೂ ಕೇಸರಿ ಚುಕ್ಕೆ ಕಾಣುತ್ತೆ, ಚಾನೆಲ್‌ರೊಡಾಪ್ಸಿನ್ ಇರೋದು ಅದರ ಪಕ್ಕದಲ್ಲೇ.

ಮದ್ದೂರ್‌ವಡೆ
ಕೆರೆ ನೀರೇ ತರ್ತೀರಾ ಅಂದ್ರೆ ಗ್ಲೌಸ್ ಹಾಕ್ಸಿ ಮೇಷ್ಟ್ರೇ, ಹುಡುಗಿಗೆ ಕಡಿತ ಬಂದಾತು.

ರಿಟೈರ್ಡ್_ಮೇಷ್ಟ್ರು
ಕಲ್ಚರಿಗೇ ಕೇಳ್ತೀನಪ್ಪ. ಬಾಟನೀಲಿ ನನ್ನ ಸ್ಟೂಡೆಂಟೇ ಒಬ್ಬ ಇದಾನೆ, ಇಲ್ಲ ಅನ್ನಲಿ ನೋಡೋಣ.